ಬೀರಣ್ಣ ಬಿದ್ದ ಭಾನುವಾರ

ನಮ್ಮ ಸಭೆಯಲ್ಲಿ ಮುಂದೆ ನಿಲ್ಲುವವರಿಗೆ ಬರವಿಲ್ಲ. ಪಾಸ್ಟರ್ ನಿಲ್ಲುತ್ತಾರೆ, ಪಕ್ಕದಲ್ಲಿ ಪಾಸ್ಟರಮ್ಮ ನಿಲ್ಲುತ್ತಾರೆ, ಅವರ ಆಚೆ ಹಾಡುವವರು ಐದು ಮಂದಿ. ಹಾಡುವವರಿಗೆ ಮೈಕು ಇರುವುದು ನಾಲ್ಕು. ಆ ಒಂದು ಮೈಕಿನ ಕೊರತೆಯಲ್ಲಿ ನಮ್ಮ ಸಭೆ ಒಂದು ಸಲ ಎರಡಾಗುವುದರಲ್ಲಿತ್ತು. ಹಿಂದೆ ನಿಲ್ಲುವವರು ಮಾತ್ರ ಬಹಳ ವರ್ಷ ಇಬ್ಬರೇ ಇದ್ದರು, ಒಬ್ಬ ಗಂಡ ಮತ್ತು ಅವನ ಹೆಂಡತಿ. ಆ ಜಾಗಕ್ಕಾಗಿ ಯಾರೂ ಜಗಳವಾಡಿದ್ದು ನನಗೆ ನೆನಪಿಲ್ಲ.

ಹಿಂದೆ ಎಂದರೆ ಬೀಳುವವರ ಹಿಂದೆ. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಯಾವ ದೊಡ್ಡ ಸಂಸ್ಥೆಗೂ ಸೇರದೆ ತನ್ನ ಕಾಲ ಮೇಲೆ ತಾನು ನಿಂತಿರುವ ಸಭೆ. ಆದರೆ ಅದರೊಳಗೆ ಜನ ತಮ್ಮ ಕಾಲ ಮೇಲೆ ನಿಲ್ಲುವುದು ಸ್ವಲ್ಪ ಕಡಿಮೆ. ಆರಾಧನೆಯ ಕೊನೆಗೆ ಪ್ರಾರ್ಥನೆ ಬೇಕಾದವರು ಮುಂದೆ ಬಂದು ಸಾಲಾಗಿ ನಿಲ್ಲುತ್ತಾರೆ. ಪಾಸ್ಟರ್ ಒಬ್ಬೊಬ್ಬರ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಪವಿತ್ರಾತ್ಮನ ಬಲ ಇಳಿದವರು ನಿಂತಲ್ಲಿಂದ ಹಿಂದಕ್ಕೆ ಬೀಳುತ್ತಾರೆ, ಸ್ವಲ್ಪ ಹೊತ್ತು ಮಲಗಿದ್ದು, ಬೇರೆಯೇ ಮುಖ ಹೊತ್ತು ಎದ್ದು ಬರುತ್ತಾರೆ. ಅವರ ತಲೆ ಸಿಮೆಂಟಿಗೆ ಬಡಿಯದ ಹಾಗೆ ಹಿಡಿದು ಮೆಲ್ಲಗೆ ಮಲಗಿಸುವುದಕ್ಕೆ ನಮ್ಮಲ್ಲಿ ಹಿಡಿಯುವ ಸೇವೆ ಎಂದು ಹೆಸರು. ಗಂಡಸರ ಹಿಂದೆ ಬೀರಣ್ಣ. ಹೆಂಗಸರ ಹಿಂದೆ ಅವರ ಹೆಂಡತಿ ಶಾಲಕ್ಕ; ಬಿದ್ದವರ ಕಾಲ ಮೇಲೆ ಹೊದಿಸಲು ಆಕೆಯ ತೋಳಿನಲ್ಲಿ ಯಾವಾಗಲೂ ಮೂರು ಶಾಲುಗಳು ಇರುತ್ತಿದ್ದವು, ಅದರಿಂದ ಆ ಹೆಸರು.

ಬೀರಣ್ಣ ಎಂಬುದೂ ತಾಯಿತಂದೆ ಇಟ್ಟ ಹೆಸರಲ್ಲ. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವರ ಕಸುಬು. ವಯಸ್ಸಿನಲ್ಲಿ ಕಬ್ಬಿಣದ ಬೀರುವನ್ನು ಒಬ್ಬರೇ ಬೆನ್ನಿಗೆ ಹಾಕಿಕೊಂಡು ಮೂರು ಮಹಡಿ ಹತ್ತುತ್ತಿದ್ದರಂತೆ, ಬಾಗಿಲಿನ ಕನ್ನಡಿಗೆ ಗೀರು ಕೂಡ ಬೀಳದ ಹಾಗೆ. ಅಲ್ಲಿಂದ ಬೀರು ಅಣ್ಣ, ಬೀರಣ್ಣ. ಈ ಹೆಸರಿನಿಂದ ಒಂದು ಸಲ ಆಭಾಸವೂ ಆಯಿತು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, "ಆ ಹಿಂದೆ ನಿಂತಿರುವ ಗಟ್ಟಿಮುಟ್ಟು ಸಹೋದರ ಯಾರು?" ಎಂದು ಕೇಳಿದರು. "ಬೀರಣ್ಣ" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಪ್ರಸಂಗಿಗಳು ವೇದಿಕೆಯ ಮೇಲಿಂದಲೇ ಕೈ ಚಾಚಿ, ಈ ಸಹೋದರನನ್ನು ಕುಡಿತದ ಬಂಧನದಿಂದ ಬಿಡಿಸು ಸ್ವಾಮಿ ಎಂದು ಹತ್ತು ನಿಮಿಷ ಬೆವರು ಸುರಿಸಿ ಪ್ರಾರ್ಥಿಸಿದರು. ಜನ್ಮದಲ್ಲಿ ಒಂದು ಹನಿ ಮುಟ್ಟದ ಬೀರಣ್ಣ ತಲೆ ಬಾಗಿಸಿ ಕೇಳಿಸಿಕೊಂಡು ಗಟ್ಟಿಯಾಗಿ "ಆಮೆನ್" ಅಂದರು.

ಆಮೇಲೆ ನಾನು ಕೇಳಿದೆ. "ಅಲ್ಲ ಅಣ್ಣ, ಹೇಳ್ಬಾರ್ದಿತ್ತಾ ಅವರಿಗೆ?"

"ಅಷ್ಟು ಕಷ್ಟಪಟ್ಟು ಮಾಡಿದ್ರು ಬ್ರದರ್. ಪ್ರಾರ್ಥನೆ ವ್ಯರ್ಥ ಹೋಗೋದು ಬೇಡ ಅಂತ."

ನಮ್ಮ ಸಭೆ ಸೇರುವುದು ಒಂದು ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ. ಪರಲೋಕಕ್ಕೆ ಹೋಗುವ ದಾರಿ ರಬ್ಬರಿನ ವಾಸನೆ ಹೊಡೆಯುತ್ತದೆ ಎಂಬುದು ನನಗೆ ಅಭ್ಯಾಸವಾಗಿ ಹೋಗಿದೆ. ನನ್ನದು ಅದೇ ಬೀದಿಯಲ್ಲಿ ಕನ್ನಡಕದ ಅಂಗಡಿ. ಹೆಂಡತಿ ಸಭೆಗೆ ಸೇರಿದಳು. ಹೂವಿನ ಜೊತೆ ನಾರು ಎಂಬಂತೆ ನಾನೂ ಹೋದೆ, ಕೊನೆಯ ಸಾಲಿನಲ್ಲಿ ಫ್ಯಾನಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದೆ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಕಣ್ಣು ಬಿಟ್ಟುಕೊಂಡು ಯಾರ ಕನ್ನಡಕದ ಕಾಲು ಸಡಿಲವಾಗಿದೆ ಎಂದು ನೋಡುತ್ತಿದ್ದೆ. ಹಾಗೆ ನೋಡುವಾಗಲೇ ನನಗೆ ತಿಳಿದದ್ದು, ಆ ಹಾಲಿನಲ್ಲಿ ಕಣ್ಣು ತೆರೆದಿರುವವರು ಇನ್ನಿಬ್ಬರು ಇದ್ದಾರೆ, ಬೀರಣ್ಣ ಮತ್ತು ಶಾಲಕ್ಕ. ಅವರದು ಸೇವೆ, ನನ್ನದು ಚಾಳಿ.

ಸೇರಿದ ವರ್ಷವೇ ಹೆಂಡತಿ ನನ್ನನ್ನು ಮುಂದಕ್ಕೆ ದೂಡಿದಳು. ಸಾಲಿನಲ್ಲಿ ಏಳು ಮಂದಿ ಇದ್ದೆವು. ಒಬ್ಬೊಬ್ಬರಾಗಿ ಆರು ಮಂದಿ ಬಿದ್ದರು. ಊಟದ ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೂ ಕುಳಿತೇ ಇರುವವನ ಹಾಗೆ ನಾನೊಬ್ಬ ನಿಂತೇ ಇದ್ದೆ. ಪಾಸ್ಟರ್ ಕೈಯಿಟ್ಟರು. ಏನೂ ಆಗಲಿಲ್ಲ. ಇನ್ನೊಮ್ಮೆ ಪ್ರಾರ್ಥಿಸಿದರು. ಪಾಪ, ಅವರ ಕೈಯೂ ನೋಯುತ್ತಿರಬೇಕು ಎಂದು ನನಗೆ ಸಂಕೋಚವಾಯಿತು. ಬಿದ್ದೆ. ಅಂಗೈಗಳೆರಡು ನನ್ನ ಹೆಗಲಿನ ಎಲುಬಿನ ಕೆಳಗೆ ಬಂದು ಕೂತವು, ನೆಲ ತಾನಾಗಿ ಮೇಲಕ್ಕೆ ಬಂದ ಹಾಗಾಯಿತು. ಕಿವಿಯ ಹತ್ತಿರ ಪಿಸುಮಾತು: "ನಿಧಾನ ಬ್ರದರ್. ಜೇಬಲ್ಲಿ ಕನ್ನಡಕ ಇದೆ, ಜೋಪಾನ."

ಬೀಳುವ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಆತ್ಮನ ಬಲಕ್ಕೆ ಬೀಳುವವನಿಗೆ ಅಷ್ಟು ಮುಂದಾಲೋಚನೆ ಇರುವುದಿಲ್ಲ.

ಬೀರಣ್ಣ ಅದನ್ನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿ ಇಂದಿಗೂ ಆ ಭಾನುವಾರವನ್ನು ಸಭೆಯ ಮುಂದೆ ಸಾಕ್ಷಿ ಹೇಳುವಾಗ ನೆನೆಯುತ್ತಾಳೆ. ಆ ಗುಟ್ಟಿನಿಂದಲೇ ನಮ್ಮ ಸ್ನೇಹ ಬೆಳೆಯಿತು. ಆರಾಧನೆ ಮುಗಿದು, ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿಟ್ಟ ಮೇಲೆ, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವುದು ರೂಢಿಯಾಯಿತು.

"ನಿಜವಾಗಿ ಬಿದ್ದೋರು ಯಾರು, ಸುಳ್ಳು ಬಿದ್ದೋರು ಯಾರು ಅಂತ ಹೇಗೆ ಗೊತ್ತಾಗುತ್ತೆ ಅಣ್ಣ?"

"ಭಾರ ಹೇಳುತ್ತೆ. ಸುಳ್ಳು ಬೀಳೋನು ಹಗುರ ಇರ್ತಾನೆ. ಅರ್ಧ ಭಾರ ತನ್ನ ಹತ್ರಾನೇ ಇಟ್ಕೊಂಡಿರ್ತಾನೆ, ಕುತ್ತಿಗೆಯಲ್ಲಿ, ಮಂಡಿಯಲ್ಲಿ. ನಿಜವಾಗಿ ಬೀಳೋನು ಪೂರ್ತಿ ಕೊಟ್ಬಿಡ್ತಾನೆ. ನೆನೆದ ಹಾಸಿಗೆ ಎತ್ತಿದೀರಾ ಯಾವಾಗ್ಲಾದ್ರೂ? ಹಾಗೆ."

"ನಾನು?"

"ನೀವು ಖಾಲಿ ಸೂಟ್‌ಕೇಸು."

ಬಿದ್ದು ಎದ್ದವರು ಚಹಾಕ್ಕೆ ಬಂದಾಗ ಬೀರಣ್ಣ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಬೀಳೋವಾಗ ಹೇಗನ್ನಿಸ್ತು?" ಒಬ್ಬ ನೀರಿನಲ್ಲಿ ತೇಲಿದ ಹಾಗೆ ಅನ್ನುತ್ತಿದ್ದ, ಇನ್ನೊಬ್ಬ ಅಮ್ಮ ಎತ್ತಿಕೊಂಡ ಹಾಗೆ ಅನ್ನುತ್ತಿದ್ದ. ಬೀರಣ್ಣ ಲೋಟ ಹಿಡಿದು, ಮದುವೆಯಾಗದವನು ಮದುವೆ ಮನೆಯ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದರು. ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. "ನಿಮ್ಮನ್ನ ಕೇಳಿ ಏನು ಪ್ರಯೋಜನ" ಎಂಬುದು ಅವರ ನಿಲುವು.

ಹತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಆ ಸಾಲಿನಲ್ಲಿ ನಿಂತಿರಲಿಲ್ಲ. "ನಾನು ಮುಂದೆ ಹೋದ್ರೆ ಹಿಂದೆ ಯಾರು?" ಅನ್ನುತ್ತಿದ್ದರು. ಶಾಲಕ್ಕ ಒಂದು ಸಲ ಚಹಾದ ಲೋಟಗಳನ್ನು ಎತ್ತಿಕೊಳ್ಳುತ್ತಾ ಇನ್ನೊಂದು ಕಾರಣ ಹೇಳಿದರು. "ಸುಮ್ನೆ ಹೇಳ್ತಾರೆ ಬ್ರದರ್. ಹೆದರಿಕೆ ಇವರಿಗೆ. ಊರೋರನ್ನೆಲ್ಲ ಹಿಡಿದೋನು ತಾನು ಹೋಗಿ ನಿಂತಾಗ ಏನೂ ಆಗದೇ ಇದ್ರೆ?"

"ನೀನು ಬಿದ್ದಿದೀಯಲ್ಲ, ಅದಕ್ಕೆ ಜಂಬ" ಎಂದರು ಬೀರಣ್ಣ.

"ಎರಡು ಸಲ" ಎಂದರು ಶಾಲಕ್ಕ, ಮತ್ತು ಲೋಟ ತೊಳೆಯಲು ಹೋದರು.

ಇಲ್ಲಿ ಪಾಸ್ಟರರ ಒಂದು ಮಾತನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದ ಆದದ್ದು. ಅವರು ಕೆಟ್ಟವರಲ್ಲ. ನನ್ನ ಮಗಳ ಜ್ವರಕ್ಕೆ ಮೂರು ದಿನ ಉಪವಾಸವಿದ್ದವರು. ಆದರೆ ಉಪದೇಶದಲ್ಲಿ ಅವರಿಗೆ ಇಷ್ಟವಾದ ಒಂದು ವಾಕ್ಯ ಇತ್ತು: "ಆತ್ಮನು ಬೀಳಿಸಿದವನಿಗೆ ನೆಲವೂ ಹಾಸಿಗೆ. ಪೆಟ್ಟಾಯಿತೋ, ಅದು ಶರೀರದ ಬೀಳುವಿಕೆ." ಹಾಗಾದರೆ ಹಿಡಿಯುವ ಸೇವೆ ಯಾಕೆ ಎಂದು ಯಾರೂ ಕೇಳಲಿಲ್ಲ. ಬೀರಣ್ಣ ಹಿಂದೆ ಇದ್ದಷ್ಟು ವರ್ಷ ಯಾರಿಗೂ ಪೆಟ್ಟಾಗಲಿಲ್ಲ. ಹಾಗಾಗಿ ಪಾಸ್ಟರರ ಮಾತು ವಾರವಾರವೂ ನಿಜವಾಗುತ್ತಾ ಬಂತು.

ಅರವತ್ತು ತುಂಬುವ ಹೊತ್ತಿಗೆ ಬೀರಣ್ಣನ ಮಂಡಿಗಳು ಕೈಕೊಟ್ಟವು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದರು. ಸಭೆಯ ವಾರ್ಷಿಕೋತ್ಸವದ ಭಾನುವಾರ ಬೀರಣ್ಣನಿಗಾಗಿಯೇ ವಿಶೇಷ ಪ್ರಾರ್ಥನೆ ಎಂದು ಪಾಸ್ಟರ್ ಸಾರಿದರು. ಹಿಂದೆ ಯಾರು ನಿಲ್ಲುತ್ತೀರಿ ಎಂದು ಕೇಳಿದಾಗ ನನ್ನ ಕೈ ಮೇಲೆದ್ದಿತು. ನನ್ನ ಕೈಯ ಇಂಥ ಸಾಹಸಗಳು ಯಾವಾಗಲೂ ನನ್ನನ್ನು ಕೇಳದೆ ನಡೆಯುತ್ತವೆ.

ಶನಿವಾರ ಮಧ್ಯಾಹ್ನ ಖಾಲಿ ಹಾಲಿನಲ್ಲಿ ಬೀರಣ್ಣ ನನಗೆ ಪಾಠ ಮಾಡಿದರು. ಸುತ್ತಿದ ಒಂದು ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ, ನನ್ನ ಮೇಲೆ ಬೀಳಿಸಿದರು. ಮೊದಲ ಸಲ ನಾನೂ ಹಾಸಿಗೆಯೂ ಒಟ್ಟಿಗೆ ನೆಲ ಸೇರಿದೆವು.

"ಕಾಲು ಅಗಲ ಇಡಿ. ಒಂದು ಮುಂದೆ, ಒಂದು ಹಿಂದೆ. ಕೈಯಿಂದ ಹಿಡೀಬಾರದು, ಎದೆಯಿಂದ ಹಿಡೀಬೇಕು. ಹಾಂ, ಹಾಗೆ. ಬೀರು ಇಳಿಸೋ ಹಾಗೆ, ಬೀರುಗೆ ಗೊತ್ತಾಗಬಾರದು."

ಐದನೆಯ ಸಲಕ್ಕೆ ಹಾಸಿಗೆ ಸುಖವಾಗಿ ಮಲಗಿತು. ಬೀರಣ್ಣ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು.

"ಮುಖ್ಯವಾದ್ದು ಒಂದೇ ಬ್ರದರ್. ಎಲ್ಲರೂ ಕಣ್ಣು ಮುಚ್ತಾರೆ. ನಾವು ಮುಚ್ಚಬಾರದು."

"ಪ್ರಾರ್ಥನೆ ಮಾಡೋವಾಗ್ಲೂ?"

"ನಮ್ಮ ಪ್ರಾರ್ಥನೆ ಕೈಯಲ್ಲಿ. ನಿಮಗೇನು, ನೀವು ಹುಟ್ಟಿದಾಗಿಂದ ಸಭೆಯಲ್ಲಿ ಕಣ್ಣು ಮುಚ್ಚಿದೋರೇ ಅಲ್ಲ. ಅದಕ್ಕೇ ನಿಮ್ಮ ಹೆಸರಿಗೆ ನಾನು ಒಪ್ಪಿದ್ದು."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, "ಏನೂ ಆಗದೇ ಇದ್ರೆ ಸುಮ್ನೆ ನಿಂತಿರ್ತೀನಿ. ನಿಮ್ಮ ಹಾಗೆ ಬೀಳಲ್ಲ" ಎಂದರು.

ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಚಪ್ಪಲಿ ಕಳಚಿಟ್ಟು, ಒಬ್ಬರೇ ಮುಂದೆ ಹೋಗಿ ನಿಂತರು. ಹತ್ತೊಂಬತ್ತು ವರ್ಷ ಬೇರೆಯವರ ಬೆನ್ನನ್ನೇ ನೋಡಿದ ಮನುಷ್ಯನ ಬೆನ್ನನ್ನು ನಾನು ಅವತ್ತು ಮೊದಲ ಸಲ ಹತ್ತಿರದಿಂದ ನೋಡಿದೆ. ಬೀರು ಹೊತ್ತು ಹೊತ್ತು ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಹಾಡು ಮೆಲ್ಲಗಾಯಿತು. ಪಾಸ್ಟರ್ ಹಣೆಯ ಮೇಲೆ ಕೈಯಿಟ್ಟು, "ಸ್ವಾಮಿ, ಎಲ್ಲರನ್ನೂ ಹಿಡಿದ ಇವನನ್ನು ಇವತ್ತು ನೀನು ಹಿಡಿ" ಎಂದರು.

ಆ ಸಭೆಯಲ್ಲಿ ಹನ್ನೊಂದು ವರ್ಷ ಕೂತು ಬಂದವನು ನಾನು. ಒಂದು ದಿನವೂ ಮನಸ್ಸು ಕೊಟ್ಟು ಪ್ರಾರ್ಥಿಸಿದವನಲ್ಲ. ಅವತ್ತು ಕನ್ನಡಕದ ಒಳಗೆ ಮಂಜು ಕವಿಯಿತು. ಹೌದು ಸ್ವಾಮಿ, ಹಿಡಿ, ಅಂದುಕೊಂಡೆ. ಅಂದುಕೊಂಡಾಗ ಕಣ್ಣು ಮುಚ್ಚಿದೆ.

ಬೀರು ಬಿದ್ದ ಸದ್ದು ಕೇಳಿತು.

ಕಣ್ಣು ಬಿಟ್ಟಾಗ ನನ್ನ ಕೈಗಳು ಪಾಠದಂತೆಯೇ ಚಾಚಿದ್ದವು, ಒಂದು ಕಾಲು ಮುಂದೆ, ಒಂದು ಹಿಂದೆ. ಬೀರಣ್ಣ ನನ್ನ ಪಕ್ಕಕ್ಕೆ ಓರೆಯಾಗಿ ಬಿದ್ದಿದ್ದರು. ಬಲಗೈ ಮೈಯಡಿಗೆ ಸಿಕ್ಕಿತ್ತು. ಶಾಲಕ್ಕ ಓಡಿ ಬಂದವರು ಅಭ್ಯಾಸಬಲದಿಂದ ಮೊದಲು ಕಾಲಿಗೆ ಶಾಲು ಹೊದಿಸಿದರು, ಆಮೇಲೆ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕೀಬೋರ್ಡಿನವನು ಇನ್ನೂ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ.

ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಗೆ ಕಳಿಸಿದ ಮೇಲೆ ಪಾಸ್ಟರ್ ಮೆಟ್ಟಿಲ ಹತ್ತಿರ ನನ್ನ ಹೆಗಲ ಮೇಲೆ ಕೈಯಿಟ್ಟರು. "ಏನಾಯ್ತು ಬ್ರದರ್? ನಾನೂ ಕಣ್ಣು ಮುಚ್ಚಿದ್ದೆ."

ಕಣ್ಣಿನ ವ್ಯಾಪಾರ ಮಾಡುವವನು ನಾನು. ಅವತ್ತು ನನಗೆ ಇದ್ದದ್ದು ಒಂದೇ ಕೆಲಸ, ನೋಡುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಕಥೆ ನಮಗೆಲ್ಲ ಗೊತ್ತು. ನನ್ನ ಹೆಗಲನ್ನು ಪಾಸ್ಟರೇ ಮುಟ್ಟಿದ್ದರು, ಆದರೂ ನಾನು ಸಿಕ್ಕಿಬೀಳಲಿಲ್ಲ.

"ಕೈ ಚಾಚೋದರೊಳಗೆ ಪಕ್ಕಕ್ಕೆ ಕುಸಿದ್ಬಿಟ್ರು" ಎಂದೆ. "ಮಂಡಿ ಸೋತ ಹಾಗಿತ್ತು."

ಹೀಗೆ ಒಂದು ಮಾತು. ಅದರ ಹಿಂದೆ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ, ಯೋಚನೆಯೇ ಇರಲಿಲ್ಲ. ಮುಂದಿನ ಭಾನುವಾರ ಪಾಸ್ಟರ್ ಬಹಳ ಪ್ರೀತಿಯಿಂದ ಹೇಳಿದರು: "ನಮ್ಮ ಬೀರಣ್ಣನ ಮಂಡಿ ಸೋತು ಬಿದ್ದು ಪೆಟ್ಟಾಗಿದೆ. ಅವರ ಮಂಡಿಗಾಗಿ ಪ್ರಾರ್ಥಿಸೋಣ." ಸಭೆಯೆಲ್ಲ ಮಂಡಿಗಾಗಿ ಪ್ರಾರ್ಥಿಸಿತು. ಬೀರಣ್ಣ ಆತ್ಮನ ಬಲಕ್ಕೆ ಬಿದ್ದಿರಬಹುದು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಪೆಟ್ಟಾಗಿತ್ತಲ್ಲ.

ಎರಡು ವಾರ ಬಿಟ್ಟು ಅವರ ಮನೆಗೆ ಹೋದೆ. ಒಂದೇ ಕೋಣೆ, ಗೋಡೆಗೆ ಒಂದು ಮಂಚ, ಇನ್ನೊಂದು ಗೋಡೆಗೆ ಹಳೆಯ ಬೀರು. ಬೀರಣ್ಣನ ಕೈ ಪ್ಲಾಸ್ಟರಿನಲ್ಲಿ ಎದೆಗೆ ಕಟ್ಟಿತ್ತು. ಶಾಲಕ್ಕ ಚಹಾ ತಂದಿಟ್ಟು ಬಾಗಿಲ ಹತ್ತಿರ ಕೂತರು.

"ಬ್ರದರ್, ಒಂದು ಮಾತು" ಎಂದರು ಬೀರಣ್ಣ. "ನೀವು ಹಿಂದೆ ಇದ್ರಿ. ಮಂಡಿ ಸೋತದ್ದಾ ಅದು?"

ನಾನು ಚಹಾ ಊದಿದೆ.

"ಯಾಕೆ ಕೇಳ್ತೀನಿ ಅಂದ್ರೆ, ನನಗೆ ಹಾಗನ್ನಿಸಿರಲಿಲ್ಲ. ಪಾಸ್ಟರ್ ಕೈಯಿಟ್ಟಾಗ ಮಂಡಿ ಇದೆ ಅನ್ನೋದೇ ಮರೆತಿತ್ತು. ನೋವಿರ್ಲಿಲ್ಲ. ಜೀವನದಲ್ಲಿ ಮೊದಲ ಸಲ ಬೆನ್ನ ಮೇಲೆ ಏನೂ ಇಲ್ಲ ಅನ್ನಿಸ್ತು. ಆಮೇಲೆ ನೋಡಿದ್ರೆ ನೆಲ. ಈಗ ಎಲ್ಲರೂ ಮಂಡಿ ಅಂತಾರೆ. ನನಗೇ ಅನುಮಾನ ಬಂದಿದೆ. ನೀವು ನೋಡಿದೀರಿ, ನೀವು ಹೇಳಿದ್ರೆ ಮುಗೀತು."

ಆ ಮನುಷ್ಯ ನನ್ನನ್ನು ಕೇಳಿದ್ದು ಒಂದೇ ಒಂದು ಸಾಕ್ಷಿ. ನಾನು ಖಾಲಿ ಸೂಟ್‌ಕೇಸು ಎಂದು ತಿಳಿದೂ ಹತ್ತು ವರ್ಷ ಮುಚ್ಚಿಟ್ಟವರು. ನಾನು ಪಾಸ್ಟರಿಗೆ ಒಂದು ಹೇಳಿ ಇವರಿಗೆ ಒಂದು ಹೇಳುವುದು ಹೇಗೆ ಎಂದು ಲೆಕ್ಕ ಹಾಕಿದೆ.

"ಮಂಡಿನೇ ಇರಬೇಕು ಅಣ್ಣ."

ಅವರು ಸ್ವಲ್ಪ ಹೊತ್ತು ಪ್ಲಾಸ್ಟರನ್ನು ನೋಡಿದರು. "ಹಾಗಾದ್ರೆ ಮಂಡಿನೇ" ಎಂದರು. ಆಮೇಲೆ ಟೈರ್ ಅಂಗಡಿಯವನು ಹಾಲಿನ ಬಾಡಿಗೆ ಕರಾರು ಮುಂದುವರಿಸುತ್ತಾನೋ ಇಲ್ಲವೋ ಎಂದು ಮಾತು ಬದಲಿಸಿದರು.

ಬೀದಿಯವರೆಗೆ ಶಾಲಕ್ಕ ಬಂದರು. "ನಮ್ಮ ಸೇವೆನೂ ಕಣ್ಣು ತೆರೆದಿಡೋದೇ ಬ್ರದರ್. ನೀವು ಹೊಸಬರು ಅಂತ ನಾನು ಅವತ್ತು ನಿಮ್ಮನ್ನೇ ನೋಡ್ತಿದ್ದೆ. ಇವರನ್ನಲ್ಲ, ನಿಮ್ಮನ್ನ."

ನಾನು ಕನ್ನಡಕ ತೆಗೆದು ಒರೆಸಿದೆ.

"ನಾನು ಹೇಳಿದ್ರೆ ಹೆಂಡ್ತಿ ಮಾತು ಆಗುತ್ತೆ. ನೀವೇ ಹೇಳ್ಬೇಕು" ಎಂದು ಹೇಳಿ ಒಳಗೆ ಹೋದರು.

ಮುಂದಿನ ಭಾನುವಾರವೇ ಹೇಳಬೇಕೆಂದಿದ್ದೆ. ಆ ಭಾನುವಾರ ಮಳೆ. ಅದರ ಮುಂದಿನ ಭಾನುವಾರ ಹೊರಗಿನ ಪ್ರಸಂಗಿ. ಹೇಳದಿರಲು ಮನುಷ್ಯನಿಗೆ ಎಷ್ಟು ಕಾರಣಗಳು ಸಿಗುತ್ತವೆ ಎಂದು ಪಟ್ಟಿ ಮಾಡಿದರೆ ಒಂದು ಪುಸ್ತಕ ಸಾಲದು. ಪ್ಲಾಸ್ಟರ್ ಬಿಚ್ಚಿದರು, ಮಣಿಕಟ್ಟು ಸ್ವಲ್ಪ ಸೊಟ್ಟಗೇ ಉಳಿಯಿತು. ಬೀರಣ್ಣ ಹಿಡಿಯುವ ಸೇವೆಗೆ ಮರಳಲಿಲ್ಲ, ಸಾಮಾನು ಸಾಗಿಸುವುದನ್ನೂ ಬಿಟ್ಟು ಬಾಡಿಗೆ ಗಾಡಿಗಳನ್ನು ಗೊತ್ತುಮಾಡಿಕೊಡಲು ಫೋನ್ ಹಿಡಿದು ಕೂತರು. ಸಭೆಯಲ್ಲಿ ಕೊನೆಯ ಸಾಲಿಗೆ, ಫ್ಯಾನಿನ ಕೆಳಗೆ, ನನ್ನ ಪಕ್ಕದ ಕುರ್ಚಿಗೇ ಬಂದರು. ಎಂಟು ತಿಂಗಳು ನಾನು ಆ ಪಕ್ಕದಲ್ಲಿ ಕೂತೆ.

ಕೊನೆಗೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೇಳಿದೆ. ಪೀಠಿಕೆಯಿಲ್ಲದೆ.

"ಅಣ್ಣ, ಅವತ್ತು ನಾನು ಕಣ್ಣು ಮುಚ್ಚಿದ್ದೆ. ನಾನು ನೋಡ್ಲೇ ಇಲ್ಲ. ಮಂಡಿ ಅಂತ ನಾನು ಹುಟ್ಟಿಸಿದ ಮಾತು."

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಂತೋಷಪಡುತ್ತಾರೆ ಎಂದೂ ಒಳಗೊಳಗೆ ಆಸೆಯಿತ್ತು. ಬೀರಣ್ಣ ಲೋಟ ಕೆಳಗಿಟ್ಟು ಲೆಕ್ಕ ಕೂಡಿಸುವವರ ಹಾಗೆ ಬೆರಳು ಮಡಚಿದರು.

"ಪಾಸ್ಟರ್ ಕಣ್ಣು ಮುಚ್ಚಿದ್ರು. ಸಭೆಯೆಲ್ಲ ಮುಚ್ಚಿತ್ತು. ಇವಳು ನಿಮ್ಮನ್ನ ನೋಡ್ತಿದ್ದಳಂತೆ. ನೀವೂ ಮುಚ್ಚಿದ್ರಿ. ಹಾಗಾದ್ರೆ ಯಾರೂ ನೋಡಿಲ್ಲ."

"ಇಲ್ಲ ಅಣ್ಣ."

"ಭಾರಾನೂ ಯಾರ ಕೈಗೂ ಸಿಕ್ಕಿಲ್ಲ."

"ಇಲ್ಲ."

ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಬಂತು, ನಿಂತಿತು. ನಾನು ಮಾತನ್ನು ವಾಪಸ್ಸು ಕೊಟ್ಟೆನೆಂದುಕೊಂಡಿದ್ದೆ. ಕೊಟ್ಟದ್ದು ಮಂಡಿಯೂ ಅಲ್ಲ, ಆತ್ಮನೂ ಅಲ್ಲ, ಎರಡರ ಮಧ್ಯದ ಸಿಮೆಂಟು ನೆಲ.

"ನೀವು ಯಾಕೆ ಕಣ್ಣು ಮುಚ್ಚಿದ್ರಿ?" ಎಂದು ಕೇಳಿದರು. "ನಿಮಗೆ ಆ ಅಭ್ಯಾಸ ಇಲ್ವಲ್ಲ."

"ಪ್ರಾರ್ಥನೆ ಮಾಡ್ತಿದ್ದೆ. ನಿಮಗೋಸ್ಕರ."

"ನಿಜವಾಗ್ಲೂ?"

"ಅವತ್ತೊಂದು ದಿನ ನಿಜವಾಗ್ಲೂ."

ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಬೀರು ಎತ್ತುವ ಮೊದಲು ಒಂದು ಮೂಲೆ ಅಲುಗಾಡಿಸಿ ಭಾರ ನೋಡುವ ನೋಟ. ಆಮೇಲೆ ನಕ್ಕರು, ಪೂರ್ತಿ ನಗುವಲ್ಲ. "ಹೋಗ್ಲಿ. ಪ್ರಾರ್ಥನೆ ವ್ಯರ್ಥ ಹೋಗೋದು ಬೇಡ. ಆಮೆನ್."

ಪಾಸ್ಟರಿಗೂ ಹೇಳಿದೆ. ಅವರು ಬಹಳ ನೊಂದುಕೊಂಡರು, ನನ್ನ ಕೈ ಹಿಡಿದು ಕ್ಷಮೆಗಾಗಿ ಪ್ರಾರ್ಥಿಸಿದರು. "ಈಗ ಎಲ್ಲರ ಮುಂದೆ ಎತ್ತಿದ್ರೆ ಗೊಂದಲ ಆಗುತ್ತೆ ಬ್ರದರ್" ಎಂದರು. ನಾನು ಒತ್ತಾಯಿಸಲಿಲ್ಲ, ಅದೂ ನನ್ನ ಲೆಕ್ಕಕ್ಕೇ ಸೇರಿತು. ಆದರೆ "ನೆಲವೂ ಹಾಸಿಗೆ" ಎಂಬ ವಾಕ್ಯವನ್ನು ಅವರು ಆಮೇಲೆ ಹೇಳಿದ್ದು ನಾನು ಕೇಳಿಲ್ಲ. ಬೀರಣ್ಣನಿಗೆ ಮತ್ತೆ ಕೈಯಿಟ್ಟು ಪ್ರಾರ್ಥಿಸುತ್ತೇನೆ ಎಂದು ಹೇಳಿ ಕಳಿಸಿದರು. ಬೀರಣ್ಣ, "ಇನ್ನೊಂದು ಸಲ ನೋಡೋಣ" ಎಂದರು. ಆ ಇನ್ನೊಂದು ಸಲ ಇಂದಿನವರೆಗೆ ಬಂದಿಲ್ಲ.

ಈಗ ಗಂಡಸರ ಹಿಂದೆ ನಿಲ್ಲುವವನು ನಾನು. ಆರು ವರ್ಷವಾಯಿತು. ಯಾರನ್ನೂ ಬಿಟ್ಟಿಲ್ಲ, ಕಣ್ಣಿನ ರೆಪ್ಪೆ ಬಡಿಯುವುದಕ್ಕೂ ಹೆದರುತ್ತೇನೆ. ಭಾರ ತಿಳಿಯತೊಡಗಿದೆ, ಸೂಟ್‌ಕೇಸುಗಳು ಯಾರು, ನೆನೆದ ಹಾಸಿಗೆಗಳು ಯಾರು ಎಂದು ಕೈಗೆ ಗೊತ್ತಾಗುತ್ತದೆ, ಯಾರಿಗೂ ಹೇಳುವುದಿಲ್ಲ. ಮುಗಿದ ಮೇಲೆ ಮೆಟ್ಟಿಲ ಮೇಲೆ ಬೀರಣ್ಣನ ಪಕ್ಕದಲ್ಲಿ ಚಹಾ ಕುಡಿಯುತ್ತೇನೆ. ಬಿದ್ದು ಎದ್ದವರು ಹೊಳೆಯುವ ಮುಖ ಹೊತ್ತು ಬಂದು ಅವರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಹಳೆಯ ಪ್ರಶ್ನೆಗೆ ಕಾಯುವವರ ಹಾಗೆ. ಬೀರಣ್ಣ ಸೊಟ್ಟ ಕೈಯಿಂದ ಅವರಿಗೆ ಬಿಸ್ಕತ್ತಿನ ತಟ್ಟೆ ಮುಂದೆ ಮಾಡುತ್ತಾರೆ. ಬೀಳುವಾಗ ಹೇಗನ್ನಿಸಿತು ಎಂದು ಅವರು ಈಗ ಯಾರನ್ನೂ ಕೇಳುವುದಿಲ್ಲ.